ಮಾರೆವ್ವನ ಮೂರು ಬಣ್ಣದ ಗುಳಿಗೆಗಳು

ಮಾರೆವ್ವ ರಕ್ತ ಕಾರಿ ಸತ್ತ ಮೂರನೆಯ ದಿನ, ಸೊಸೆ ಲಲಿತಾಳ ಬಟ್ಟೆಗಂಟು ಬಾಗಿಲಾಚೆ ಬಿದ್ದಿತ್ತು. ಅತ್ತೆ ಕುಡಿದ ಕೊನೆಯ ಮಜ್ಜಿಗೆ ಕೊಟ್ಟವಳು ಸೊಸೆ. ಊರಿಗೆ ಇನ್ನೇನು ಬೇಕು? ವಿಷ ಹಾಕಿದಳೆಂದು ಮೊದಲು ಅಂದವನು ಅಕ್ಕಿ ಲಾರಿ ಹೊಡೆಯುವ ಅವಳ ಗಂಡ ಹೊನ್ನೂರಪ್ಪನೇ. ಸಂಜೆಯೊಳಗೆ ಪೊಲೀಸರಿಗೆ ದೂರು ಕೊಡುತ್ತೇನೆಂದು ಕೂತಿದ್ದ. ಸುದ್ದಿ ತಿಳಿದು ತವರೂರು ತಳಕಲ್ಲಿನಿಂದ ಲಲಿತಾಳ ಅಣ್ಣ ಕಲ್ಲೇಶ ಬೈಕಿನಲ್ಲಿ ಧಾವಿಸಿ ಬಂದಿದ್ದ.

ಲಲಿತಾಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮೈಮನಸ್ಸೆಲ್ಲ ಜೋಮು ಹಿಡಿದಂತಿತ್ತು.

ಮಾರೆವ್ವ ಕೂಲಿಗೆ ಹೋಗುತ್ತಿದ್ದ ಭತ್ತದ ನಾಟಿ ಗುಂಪಿನ ಮೇಸ್ತ್ರಿ ಅನ್ನಮ್ಮ ಹೋಗಿ ಶಾಹಜಾದಬಿಯನ್ನು ಕರೆತಂದಳು. ಮೂವತ್ತು ವರ್ಷ ದವಾಖಾನೆಯಲ್ಲಿ ಔಷಧ ಕೊಟ್ಟು ನಿವೃತ್ತಳಾದ ಹೆಂಗಸು. ಕಾರಟಗಿ ಸುತ್ತ ಏನೇ ಗೋಜಲಾಗಲಿ, ಜನ ಮೊದಲು ತಟ್ಟುವುದು ಅವಳ ಬಾಗಿಲನ್ನೇ.

"ಮಜ್ಜಗಿ ಮತ್ತ್ಯಾರು ಕುಡದ್ರಿ?" ಎಂದು ಕೇಳಿದಳು ಶಾಹಜಾದಬಿ.

"ನಾನೂ ಕುಡದೆ" ಎಂದಳು ಲಲಿತಾ. "ಅತ್ತಿ ಹೊಟ್ಟಿ ಉರೀತೈತಿ ಅಂದ್ಲು, ಅದಕ್ಕ ಕೊಟ್ಟೆ."

"ಆ ಉರಿ ಹದಿನೈದು ದಿನದ್ದು ಐತ್ರಿ" ಎಂದಳು ಅನ್ನಮ್ಮ. "ಮಲ ಟಾರಿನಂಗ ಕರ್ರಗ ಹೊಂಟೈತಿ ಅಂತ ಗದ್ದ್ಯಾಗ ಹೇಳಿದ್ಲು."

ಶಾಹಜಾದಬಿ ಸತ್ತವಳ ಎಲೆಯಡಿಕೆ ಸಂಚಿ ಬಿಚ್ಚಿದಳು. ಕೆಂಪು, ಹಳದಿ, ಹಸಿರು ಗುಳಿಗೆಗಳ ಮೂರು ಪಟ್ಟಿಗಳು. ಜೊತೆಗೆ ಔಷಧ ಅಂಗಡಿಗಳ ಮೂರು ಪೊಟ್ಟಣ, ಮೇಲೆ ಊರಿನ ಹೆಸರು: ಗಂಗಾವತಿ, ಕುಷ್ಟಗಿ, ಕೊಪ್ಪಳ.

"ಈ ನೋವಿನ ಗುಳಿಗಿ ಯಾವಾಗ ನುಂಗತಿದ್ಲು?"

"ಬೆಳಿಗ್ಗೆ ಕೆಸರಿಗೆ ಇಳಿಯೂ ಮುಂದ, ಖಾಲಿ ಹೊಟ್ಟ್ಯಾಗ, ಚಾದ ಕೂಡ. ನಾಟಿ ಹಚ್ಚೋರೆಲ್ಲ ಹಂಗ ಮಾಡ್ತೀವ್ರಿ. ದಿನಾ ಬಗ್ಗಿ ನಿಲ್ಲಬೇಕಲ್ಲ. ನಾವು ಒಂದು ನುಂಗಿದ್ರ ಆಕಿ ಮೂರು" ಎಂದಳು ಅನ್ನಮ್ಮ.

ಶಾಹಜಾದಬಿ ಎಲ್ಲರನ್ನೂ ಕಟ್ಟೆಯ ಮೇಲೆ ಕೂಡಿಸಿದಳು.

"ಮೈಯಾಗ ಎಲ್ಲಿ ಬಾವು ಬಂದ್ರೂ ಅಲ್ಲಿ ಒಂದು ರಸ ಹುಟ್ಟತೈತಿ. ನೋವು ಜೋರು ಮಾಡೂದು ಅದ. ಈ ಗುಳಿಗಿ ಆ ರಸ ಹುಟ್ಟದಂಗ ತಡೀತಾವು. ಮೊಣಕಾಲು ಯಾವುದು, ಬೆನ್ನು ಯಾವುದು ಗುಳಿಗಿಗೆ ಗೊತ್ತಿಲ್ಲ. ರಕ್ತದಾಗ ಕೂಡಿ ಎಲ್ಲಾ ಕಡಿ ಹೋಗ್ತಾವು. ಹೊಟ್ಟಿ ಒಳಪದರ ಕಾಯೂದೂ ಅಂಥಾದ ರಸ. ಅದೂ ನಿಂತ್ರ ಹೊಟ್ಟಿ ತನ್ನ ಹುಳಿಗೆ ತಾನ ಸುಡತೈತಿ. ಹುಣ್ಣಾಗಿ ರಕ್ತ ಜಿನುಗಿ ಕೆಳಗ ಇಳದ್ರ ಮಲ ಕರ್ರಗ ಆಗತೈತಿ. ಅಂದ್ರ ಮಜ್ಜಗಿಗಿಂತ ಹದಿನೈದು ದಿನ ಮೊದಲ ಸುರು ಆಗೇತಿ. ಬಣ್ಣ ಮೂರಾದ್ರೂ ಮೂರರ ಕೆಲಸ ಒಂದ."

"ತಂದು ಕೊಟ್ಟೋರು ಯಾರು?" ಎಂದ ಕಲ್ಲೇಶ.

"ಈ ಮೂರೂ ಊರಿಗೆ ಹೋಗಿ ಬರಾಂವ ಈ ಮನ್ಯಾಗ ಒಬ್ಬನ ಅದಾನ" ಎಂದಳು ಶಾಹಜಾದಬಿ, ಪೊಟ್ಟಣ ತೋರಿಸಿ.

ಹೊನ್ನೂರಪ್ಪ ನೆಲ ನೋಡುತ್ತ ಹೇಳಿದ: "ಗಂಗಾವತ್ಯಾಗ ಮೊಣಕಾಲಿಗೆ ಅಂತ ಕೇಳಿದೆ, ಕುಷ್ಟಗ್ಯಾಗ ಬೆನ್ನಿಗೆ, ಕೊಪ್ಪಳದಾಗ ಭುಜಕ್ಕ. ಒಂದೊಂದು ಒಂದೊಂದಕ್ಕ ಅಂತ ತಿಳಿದಿದ್ದೆ. ಅವ್ವ ನೋವೆಲ್ಲ ಹೋತು ಅಂದಿದ್ಲು."

"ಹೋಗಿತ್ತಪ್ಪ. ನೋವು ಹೋದ್ರ ಗಾಯ ಹೋತು ಅಂತ ಅಲ್ಲ" ಎಂದಳು ಶಾಹಜಾದಬಿ, ಮೆಲ್ಲಗೆ.

ಹೊನ್ನೂರಪ್ಪ ಎದ್ದು ಹೋಗಿ ಗಂಟನ್ನು ತಂದು ಲಲಿತಾಳ ಮುಂದಿಟ್ಟ. "ಒಳಗ ಬಾ. ತಪ್ಪು ನಂದ."

ಲಲಿತಾ ಅವನ ಮುಖ ನೋಡಿದಳು. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಗಂಟು ಎತ್ತಿಕೊಂಡು ಅಣ್ಣನ ಬೈಕಿನ ಕಡೆ ನಡೆದಳು.

"ನಿನ್ನ ತಪ್ಪಿಲ್ಲ ಅಂತ ಎಲ್ಲಾರಿಗೂ ಗೊತ್ತಾತಲ್ಲ, ಮತ್ತ್ಯಾಕ ಹೊಂಟಿ?" ಎಂದಳು ಅನ್ನಮ್ಮ.

"ನನಗ ಈಗ ಏನೂ ಅನಸವಲ್ದು. ಹಂಗಂತ ಗಾಯ ಹೋಗಿಲ್ಲ. ನೋಯಾಕ ಹತ್ತಿದ ಮ್ಯಾಲ ಬರ್ತೀನ್ರಿ" ಎಂದಳು ಲಲಿತಾ.