ಕೈಬಿಟ್ಟ ರಾಜನ ಜೋಡಿ

ಅಮ್ಮ ತೀರಿಕೊಂಡ ಸುದ್ದಿಯನ್ನು ಅಣ್ಣ ಎರಡು ದಿನ ಮುಚ್ಚಿಟ್ಟಿದ್ದ. ಆಸ್ಪತ್ರೆಯಲ್ಲಿದ್ದಾಳೆ, ಬರ್ತಾಳೆ ಎಂದಿದ್ದ. ತಂಗಿಗೆ ಆಗ ಒಂಬತ್ತು ವರ್ಷ. ನಿಜ ತಿಳಿದ ಮೇಲೆ ಅವಳು ಅವನೊಂದಿಗೆ ಮಾತು ಬಿಟ್ಟಳು. ಕೊನೆಗೆ ಅವನೇ ಬಂದು ಕೈ ಹಿಡಿದ. "ಇನ್ನು ಯಾವತ್ತೂ ನಿನ್ನ ಹತ್ರ ಸುಳ್ಳು ಹೇಳಲ್ಲ ಕಣೇ."

ಮೂವತ್ತು ವರ್ಷ ಕಳೆಯಿತು. ತಂಗಿ ಇನ್‌ಸ್ಪೆಕ್ಟರ್ ಆದಳು.

ಆ ಭಾನುವಾರ ಮಧ್ಯಾಹ್ನ ಕ್ಲಬ್ಬಿನ ಉಗ್ರಾಣದಲ್ಲಿ ಪೋಕರ್ ಎಂಬ ಇಸ್ಪೀಟು ಪಂದ್ಯದ ಮೇಲ್ವಿಚಾರಕರು ತಲೆ ಒಡೆದು ಬಿದ್ದಿದ್ದರು. ಉಸಿರಿತ್ತು, ಪ್ರಜ್ಞೆಯಿರಲಿಲ್ಲ. ಆಂಬುಲೆನ್ಸ್ ಒಯ್ದಿತು. ಆಟದಲ್ಲಿ ಪಣಕ್ಕಿಡುವ ಬಿಲ್ಲೆಗಳ ಪೆಟ್ಟಿಗೆಯ ಬೀಗ ಮುರಿದಿತ್ತು. ಹತ್ತು ನೀಲಿ ಬಿಲ್ಲೆ ಕಾಣೆ.

ನಡೆದದ್ದು ಹದಿನೈದು ನಿಮಿಷದ ಬಿಡುವಿನಲ್ಲಿ. ಆ ಕಡೆ ಹೋಗಿದ್ದವರು ಆಟದಲ್ಲಿ ಕೊನೆಗೆ ಉಳಿದಿದ್ದ ಮೂವರೇ: ದಂತವೈದ್ಯ, ಬಟ್ಟೆ ಹೊಲಿಯುವ ಹೆಂಗಸು, ಗಡಿಯಾರ ರಿಪೇರಿಯವನು.

ಇನ್‌ಸ್ಪೆಕ್ಟರ್ ಮೂರನೆಯವನನ್ನು ನೋಡಿದಳು.

"ಇವನು ನನ್ನ ಅಣ್ಣ. ಬರ್ಕೊಳ್ಳಿ," ಎಂದಳು ಪೇದೆಗೆ. "ಠಾಣೆಗೆ ಫೋನ್ ಮಾಡಿ, ಬೇರೆ ಅಧಿಕಾರಿ ಬರಲಿ. ಅಲ್ಲೀವರೆಗೆ ಯಾರೂ ಹೊರಗೆ ಹೋಗೋ ಹಾಗಿಲ್ಲ."

*

ಬಿಲ್ಲೆಗಳು ಶೌಚಾಲಯದ ಕಸದ ಬುಟ್ಟಿಯಲ್ಲಿ ಸಿಕ್ಕವು. ಬೆರಳಚ್ಚು ಸಿಗದಂತೆ ಒರೆಸಿ ಎಸೆದಿದ್ದರು.

"ಮೇಡಂ, ಡಾಕ್ಟ್ರ ತೋಳಲ್ಲಿ ರಕ್ತ," ಎಂದ ಪೇದೆ.

"ಬಿದ್ದವರನ್ನ ಎತ್ತಿದ್ದೇ ನಾನಲ್ಲವೇನ್ರೀ!" ದಂತವೈದ್ಯ ಸಿಡುಕಿದ. "ನನ್ನ ಮುಂದೆ ಬಿಲ್ಲೆ ಗುಡ್ಡದಷ್ಟಿದೆ. ಹೊಟ್ಟೆ ತುಂಬಿದವನು ಕದೀತಾನಾ?"

"ಅಂದ್ರೆ ಹಸಿದವಳು ನಾನು ಅಂತಲಾ?" ಹೊಲಿಗೆಯವಳು ತಿರುಗಿಬಿದ್ದಳು. "ನನ್ನ ಹತ್ರ ಮೂರು ಸುತ್ತಿಗಾಗೋಷ್ಟೇ ಉಳಿದಿತ್ತು, ನಿಜ. ಈ ಗಡಿಯಾರದವರ ಹತ್ರಾನೂ ಅಷ್ಟೇ."



ಇನ್‌ಸ್ಪೆಕ್ಟರ್ ಇಸ್ಪೀಟೆಲೆ ಹಂಚುವವಳನ್ನು ಕರೆದಳು. "ಬಿಡುವಿಗೆ ಮುಂಚೆ ಇವರಿಬ್ಬರೂ ಹೇಗೆ ಆಡಿದ್ರು?"

"ಹೊಲಿಗೆ ಅಕ್ಕ ಎರಡು ಸಲ ಇದ್ದಬದ್ದ ಬಿಲ್ಲೆ ಎಲ್ಲಾ ಮುಂದಕ್ಕೆ ತಳ್ಳಿದ್ರು. ಯಾರೂ ಎದುರು ನಿಲ್ಲಲಿಲ್ಲ. ಆಮೇಲೆ ಎಲೆ ತೋರಿಸಿ ನಕ್ಕರು. ಏಳು, ಎರಡು! ಕಸ."

"ಗಡಿಯಾರದವರು?"

"ಡಾಕ್ಟ್ರು ಪಣ ಏರಿಸಿದಾಗೆಲ್ಲ ಆಡದೆ ಎಲೆ ಬಿಟ್ಟರು. ಕೊನೇ ಸಲ ಬಿಟ್ಟ ಎಲೆ ನನ್ನ ಕೈತಪ್ಪಿ ಅಂಗಾತ ಬಿತ್ತು ಮೇಡಂ. ಎರಡೂ ರಾಜ."

ದಂತವೈದ್ಯ ಹೌಹಾರಿದ. "ರಾಜನ ಜೋಡಿ ಬಿಟ್ಟರಾ? ಅದಕ್ಕಿಂತ ದೊಡ್ಡದು ಎಕ್ಕದ ಜೋಡಿ ಒಂದೇ! ಅಷ್ಟು ಕಡಿಮೆ ಬಿಲ್ಲೆ ಇಟ್ಕೊಂಡು?"

*

ಪೇದೆಯನ್ನು ಜೊತೆಗೇ ಇಟ್ಟುಕೊಂಡು ಇನ್‌ಸ್ಪೆಕ್ಟರ್ ಅಣ್ಣನ ಎದುರು ಕೂತಳು.

"ಇಸ್ಪೀಟು ಕಲಿಸಿದ್ದು ನೀನೇ. ಪ್ರತಿ ಸುತ್ತಿಗೂ ಬಿಲ್ಲೆ ಕಟ್ಟಲೇಬೇಕು, ಕಡಿಮೆ ಇದ್ದವನು ಕಾದಷ್ಟೂ ಕರಗ್ತಾನೆ ಅಂತಿದ್ದೆ. ಮುಳುಗೋನು ಹುಲ್ಲುಕಡ್ಡಿ ಸಿಕ್ಕಿದ್ರೂ ಹಿಡೀತಾನೆ. ಆಯಮ್ಮ ಹಿಡಿದರು. ನಿನಗೆ ಹಗ್ಗವೇ ಸಿಕ್ಕಿತ್ತು, ಬಿಟ್ಟೆ. ಯಾಕೆ? ರಾಜನ ಜೋಡಿಯೂ ಒಮ್ಮೊಮ್ಮೆ ಸೋಲುತ್ತೆ. ಸೋತರೆ ಆಟದಿಂದಲೇ ಹೊರಗೆ. ನಿನಗೆ ಬಿಡುವಿನ ತನಕ ಉಳಿದರೆ ಸಾಕಿತ್ತು. ಆಮೇಲೆ ಪೆಟ್ಟಿಗೆಯ ಬಿಲ್ಲೆ ಬರೋದು ನಿನಗೊಬ್ಬನಿಗೇ ಗೊತ್ತಿತ್ತು."

ಅಣ್ಣ ತನ್ನ ಬೆರಳುಗಳನ್ನೇ ನೋಡುತ್ತಿದ್ದ.

"ಇಷ್ಟೇ ಕೋರ್ಟಲ್ಲಿ ನಿಲ್ಲಲ್ಲ, ಗೊತ್ತು. ಆದ್ರೂ ಕೇಳ್ತೀನಿ. ನೀನಾ ಅಣ್ಣ?"

"ಹನ್ನೊಂದು ಪಂದ್ಯ ಕಣೇ. ಹನ್ನೊಂದರಲ್ಲೂ ಮೂರನೆಯವನಾಗಿ ಎದ್ದು ಬಂದೆ. ಒಂದೇ ಒಂದು ಸಲ—"

"ಕೇಳಿದ್ದಕ್ಕೆ ಹೇಳು."

ಪೇದೆಯ ಪೆನ್ನು ನಿಂತಿತ್ತು. ಇಲ್ಲ ಎಂದುಬಿಟ್ಟಿದ್ದರೆ ಸಾಕಿತ್ತು; ಮೇಲ್ವಿಚಾರಕರಿಗೆ ಪ್ರಜ್ಞೆ ಬಂದಿರಲಿಲ್ಲ, ಸಾಕ್ಷಿ ಬೇರೆ ಇರಲಿಲ್ಲ.

"ಹೌದು. ಅವರು ಹಿಂದೇನೇ ಬಂದ್ಬಿಟ್ರು. ಹೆದರಿ ಹೊಡೆದೆ. ಆಮೇಲೆ ಬಿಲ್ಲೆ ಇಟ್ಕೊಳ್ಳೋಕೂ ಆಗಲಿಲ್ಲ, ಒರೆಸಿ ಎಸೆದೆ."

ಪೇದೆ ಬರೆದುಕೊಂಡ. ಅಣ್ಣ ಕೊಟ್ಟ ಮಾತು ಉಳಿಸಿಕೊಂಡಿದ್ದ.