ರೆಫರಿ ಬರೆದ ಪತ್ರ

“ಟೆಕ್ನಿಕಲ್ ಫೌಲ್! ಬಿಳಿ ತಂಡದ ಕೋಚ್!”

ಸೀಟಿಯ ಸದ್ದಿಗೆ ಬಾಸ್ಕೆಟ್‌ಬಾಲ್ ಕೋರ್ಟ್ ಸುತ್ತ ನಿಂತವರೆಲ್ಲ ಆರತಿಯತ್ತ ತಿರುಗಿದರು.

ಆರತಿಗೆ ನಂಬಲಾಗಲಿಲ್ಲ. ತಾನೇನು ಕೂಗಾಡಿದೆನೇ? ಪಕ್ಕದಲ್ಲಿದ್ದ ಕ್ಯಾಪ್ಟನ್ ಸಾಬವ್ವನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು. “ಈ ರೆಫರಿ ಕಣ್ಣ ಪೆಟ್ಟಿಗ್ಯಾಗ ಇಟ್ಟು, ಕೀಲಿ ಹಾಕಿ ಬಂದಾನ ನೋಡ!”

ಪುಣೆಯಲ್ಲಿ ಹುಟ್ಟಿ ಬೆಳೆದ ಕನ್ನಡದವರಿಗೆ ಇದೊಂದು ಅಭ್ಯಾಸ. ಬೈಯುವುದಿದ್ದರೆ ಕನ್ನಡದಲ್ಲಿ ಬೈಯಬೇಕು, ಯಾರಿಗೂ ತಿಳಿಯುವುದಿಲ್ಲ!

ಆದರೆ ಆ ಎತ್ತರದ ರೆಫರಿ ನೇರ ಅವಳ ಹತ್ತಿರ ಬಂದ.

“ಕಣ್ಣು ಎರಡೂ ಇಲ್ಲೇ ಇದೆ ಮೇಡಂ. ಕಿವಿನೂ ಚೆನ್ನಾಗೇ ಕೇಳ್ಸುತ್ತೆ.”

ಆರತಿ ಸಾಬವ್ವನ ಬೆನ್ನ ಹಿಂದೆ ಸರಿದಳು.

ಆ ಫೌಲ್‌ಗೆ ಎದುರಾಳಿಗಳಿಗೆ ಒಂದು ಫ್ರೀ ಥ್ರೋ ಸಿಕ್ಕಿತು, ಚೆಂಡು ರಿಂಗಿನೊಳಗೆ ಬಿತ್ತು. ಒಂದೇ ಅಂಕದಿಂದ ಆರತಿಯ ಹುಡುಗಿಯರು ಸೋತರು.

ಪಂದ್ಯ ಮುಗಿದ ಮೇಲೆ ಅವನು ಎರಡು ಗ್ಲಾಸ್ ಚಹಾ ಹಿಡಿದು ಬಂದ. ಹೆಸರು ಮಧ್ವೇಶ. ನಂಜನಗೂಡಿನವನು. ಯೆರವಡಾದ ಐಟಿ ಪಾರ್ಕ್‌ನಲ್ಲಿ ಕೆಲಸ, ಶನಿವಾರ ಭಾನುವಾರ ರೆಫರಿ.

“ಸೋಲಿಸಿ ಚಹಾ ಕುಡಸ್ತೀರೇನ್ರಿ?”

“ಸೋಲಿಸಿದ್ದು ನಿಮ್ಮ ಬಾಯಿ ಮೇಡಂ. ನಾನು ಬರೀ ಸೀಟಿ ಊದ್ದೆ.”

ನಗಬಾರದೆಂದು ಆರತಿ ತುಟಿ ಕಚ್ಚಿದಳು. ಆದರೂ ನಕ್ಕಳು!

*

ಆರತಿ ಸುಮ್ಮನೆ ಕೋಚ್ ಆದವಳಲ್ಲ. ಅಪ್ಪನ ಹೆಸರು ಅವ್ವಣ್ಣ, ಕಲಬುರಗಿ ಕಡೆಯಿಂದ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಪುಣೆಗೆ ಬಂದವರು. ಯೆರವಡಾದ ಮುನ್ಸಿಪಾಲಿಟಿ ಶಾಲೆಯ ಹಿಂದಿನ ಸಿಮೆಂಟ್ ಅಂಗಳದಲ್ಲಿ ಅವಳು ಆಟ ಕಲಿತಳು. ಆಮೇಲೆ ಈಗಿರುವ ಕಾಲೇಜಿನಲ್ಲೇ ಆರು ವರ್ಷ ಅಸಿಸ್ಟೆಂಟ್ ಕೋಚ್. ಅಂದರೆ ಚೆಂಡಿಗೆ ಗಾಳಿ ಹಾಕುವುದು, ಜೆರ್ಸಿ ಒಗೆಸುವುದು, ಪೋಷಕರ ಬೈಗುಳ ಕೇಳುವುದು.

ಈ ವರ್ಷ ಹೆಡ್ ಕೋಚ್ ಮಾಡಿದ್ದರು. ಆದರೆ ಹನ್ನೊಂದು ತಿಂಗಳ ಮಟ್ಟಿಗೆ ಮಾತ್ರ. ಫೆಬ್ರವರಿಯಲ್ಲಿ ಕಾಲೇಜಿನ ಕಮಿಟಿ ಕೂತು, ಮುಂದುವರಿಸಬೇಕೋ ಬೇಡವೋ ತೀರ್ಮಾನಿಸುತ್ತದೆ.

ಹೆಣ್ಣುಮಕ್ಕಳ ತಂಡಕ್ಕೂ ಗಂಡಸೇ ಹೆಡ್ ಕೋಚ್ ಆಗಿರಬೇಕು ಎನ್ನುವವರು ಕಮಿಟಿಯಲ್ಲಿ ಇಬ್ಬರಿದ್ದರು. ಅವರಿಗೆ ಒಂದು ಸಣ್ಣ ನೆಪ ಸಾಕಿತ್ತು.

ಇಂಥ ಹೊತ್ತಿನಲ್ಲಿ ಅವಳು ಮಧ್ವೇಶನನ್ನು ಪ್ರಾಕ್ಟೀಸ್‌ಗೆ ಕರೆದಳು. ಹುಡುಗಿಯರಿಗೆ ನಿಯಮ ಹೇಳಿಕೊಡಲು... ಒಂದು ಸಲ. ಅವನು ನಾಲ್ಕು ಸಲ ಬಂದ.

“ಮ್ಯಾಡಂ, ಸಾಹೇಬ್ರು ರೂಲ್ಸ್ ನಮಗ ಹೇಳ್ತಾರ, ಕಣ್ಣು ನಿಮ್ಮ ಕಡೆ ಇರ್ತಾವ್ರಿ!” ಎಂದಳು ಸಾಬವ್ವ.

“ಹತ್ತು ಸುತ್ತು ಓಡು, ಹೋಗ!”

“ಖರೇ ಹೇಳಿದ್ರ ಹತ್ತು ಸುತ್ತೇನ್ರಿ? ಸುಳ್ಳು ಹೇಳಿದ್ರ ಎಷ್ಟು?”

ಅವಳು ಓಡಿದಳು, ನಗುತ್ತಲೇ. ಆರತಿಗೆ ಮಾತ್ರ ಅವತ್ತು ಉಂಡದ್ದು ಏನೆಂದೂ ನೆನಪಿಲ್ಲ.

‘ಇದೇನು ನನಗ? ಮೂವತ್ತೊಂದು ವಯಸ್ಸಾತು... ಹುಡುಗಿಯರ ಹಂಗ ಆಗೀನಲ್ಲ!’

*

ಜನವರಿ ಕೊನೆಯ ಭಾನುವಾರದ ಪಂದ್ಯಕ್ಕೂ ರೆಫರಿ ಅವನೇ.

ಕೊನೆಯ ಮೂರು ಸೆಕೆಂಡು. ಆರತಿಯ ಹುಡುಗಿಯರು ಒಂದು ಅಂಕ ಮುಂದಿದ್ದರು. ಎದುರಾಳಿ ಹುಡುಗಿ ಚೆಂಡು ಎಸೆಯಲು ಹಾರಿದಳು, ಸಾಬವ್ವನೂ ಹಾರಿದಳು. ಚೆಂಡು ರಿಂಗಿಗೆ ತಾಗಿ ಹೊರಬಿತ್ತು.

ಸೀಟಿ ಬರಲಿಲ್ಲ. ಗೆದ್ದರು!

ಹುಡುಗಿಯರು ಕುಣಿಯುತ್ತಿದ್ದರು. ಆರತಿ ಮಧ್ವೇಶನನ್ನು ಹುಡುಕಿದಳು. ಅವನು ಸ್ಕೋರ್‌ಶೀಟಿಗೆ ಸಹಿ ಹಾಕಿ, ಬ್ಯಾಗ್ ಹೆಗಲಿಗೇರಿಸಿ, ತಲೆ ತಗ್ಗಿಸಿ ಹೊರಟೇಬಿಟ್ಟಿದ್ದ. ತಿರುಗಿಯೂ ನೋಡಲಿಲ್ಲ.

ಸಂಜೆ ಫೋನ್ ಮಾಡಿದಳು. ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಮೂರನೆಯ ದಿನ ಒಂದು ಮೆಸೇಜ್ ಬಂತು. “ಸ್ವಲ್ಪ ದಿನ ಮಾತಾಡೋದು ಬೇಡ. ಪ್ಲೀಸ್.”

ಯಾಕೆ? ತಾನೇನು ಮಾಡಿದೆ? ಆ ಒಂದು ಸಾಲನ್ನು ಅವಳು ಎಷ್ಟು ಸಲ ಓದಿದಳೋ! ಒಮ್ಮೆ ಕೋಪದ ಹಾಗೆ ಕಾಣುತ್ತಿತ್ತು, ಒಮ್ಮೆ ಬೇಡಿಕೊಂಡ ಹಾಗೆ...

ಅವ್ವ ಅಂಬಾಬಾಯಿ ರೊಟ್ಟಿ ಬಡಿಯುತ್ತಲೇ ಕೇಳಿದಳು. “ಆ ಮೈಸೂರ ಕಡೆ ಹುಡುಗ ಫೋನ್ ಮಾಡ್ಲಿಲ್ಲೇನ?”

“ನಿನಗ್ಯಾರು ಹೇಳಿದ್ರು?”

“ನಿನ್ನ ಮಾರಿ ಹೇಳ್ತದ. ವಾರ ಆತು, ಪಲ್ಯಾಕ್ಕ ಉಪ್ಪಿಲ್ಲಂದ್ರೂ ಸುಮ್ನ ಉಣ್ಲಿಕತ್ತಿ.”

ಎಂಟನೆಯ ದಿನ ಸ್ಟಾಫ್ ರೂಮಿನಲ್ಲಿ ದತ್ತು ಸರ್ ಸಿಕ್ಕರು. ಕಾಲೇಜಿನ ಹಿರಿಯ ದೈಹಿಕ ಶಿಕ್ಷಕರು, ಅಕ್ಕಲಕೋಟೆ ಕಡೆಯವರು. ಹೆಡ್ ಕೋಚ್ ಕುರ್ಚಿ ತಮಗೆ ಸಿಗಬೇಕಿತ್ತೆಂದು ನಂಬಿದವರು.

“ಆರತಿ ಬಾಯಿ, ತಯಾರಿ ಮಾಡ್ಕೋರಿ. ನಿಮ್ಮ ರೆಫರಿ ನಿಮ್ಮ ಬಗ್ಗೆ ಬಾಸ್ಕೆಟ್‌ಬಾಲ್ ಅಸೋಸಿಯೇಷನ್‌ಗೆ ಪತ್ರ ಕೊಟ್ಟಾರ. ಶುಕ್ರವಾರ ಕಮಿಟಿ ಮುಂದ ಬರ್ತದ.”

“ಪತ್ರ... ದೂರೇನ್ರಿ?”

“ಮತ್ತೇನು, ಲಗ್ನಪತ್ರಿಕೆನಾ?”

ಆರತಿ ಸ್ಟಾಫ್ ರೂಮಿನಿಂದ ಹೊರಬಂದಳು.

ಎದುರಿಗೆ ಚಹಾ, ನಗು... ಹಿಂದಿನಿಂದ ದೂರು! ಹಾಗಾದರೆ ನಾಲ್ಕು ಸಲ ಬಂದದ್ದು ತಪ್ಪು ಹುಡುಕಲಿಕ್ಕೇ? ಆದರೆ ಪ್ರಾಕ್ಟೀಸಿನಲ್ಲಿ ಸಾಬವ್ವನ ಕಾಲು ಉಳುಕಿದಾಗ ಐಸ್ ಹುಡುಕಿ ಅರ್ಧ ಊರು ಅಲೆದವನು ಅಂಥವನೇ? ಅಲ್ಲ ಎನ್ನುತ್ತಿತ್ತು ಮನಸ್ಸು. ಹೌದು ಎನ್ನುತ್ತಿತ್ತು ಬುದ್ಧಿ. ಎರಡರ ನಡುವೆ ಅವಳಿಗೆ ನಿದ್ದೆಯೂ ಇಲ್ಲ, ಅಳುವೂ ಇಲ್ಲ.

*

ಶುಕ್ರವಾರ ಕಮಿಟಿ ಕೂತಿತು. ಆರತಿ ಮೂರು ಪುಟದ ವಿವರಣೆ ಬರೆದು ತಂದಿದ್ದಳು.

ಪ್ರಿನ್ಸಿಪಾಲ್ ಮೇಡಂ ಅದನ್ನು ಮುಟ್ಟಲಿಲ್ಲ. “ಮೊದಲು ಇದನ್ನು ಓದು” ಎಂದು ಮರಾಠಿಯಲ್ಲಿ ಹೇಳಿ ಒಂದು ಕಾಗದ ಮುಂದೆ ತಳ್ಳಿದರು.

ಪತ್ರ ಇಂಗ್ಲಿಷಿನಲ್ಲಿತ್ತು. ಅದರ ಅರ್ಥ ಇಷ್ಟು.

‘ಈ ಕಾಲೇಜಿನ ಪಂದ್ಯಗಳಿಗೆ ಇನ್ನು ನನ್ನನ್ನು ಹಾಕಬೇಡಿ. ಅವರ ಕೋಚ್ ಮೇಲೆ ನನಗೆ ಪ್ರೀತಿ ಹುಟ್ಟಿದೆ. ಇದು ಅವರಿಗೆ ಗೊತ್ತಿಲ್ಲ, ಅವರ ತಪ್ಪೂ ಇಲ್ಲ. ಕಳೆದ ಪಂದ್ಯದ ಕೊನೆಯ ಕ್ಷಣದಲ್ಲಿ ನಾನು ಸೀಟಿ ಊದಲಿಲ್ಲ. ಫೌಲ್ ಕಾಣದೆ ಊದಲಿಲ್ಲವೋ, ಊದಲು ಮನಸ್ಸಿಲ್ಲದೆ ಊದಲಿಲ್ಲವೋ... ನನಗೇ ತಿಳಿಯುತ್ತಿಲ್ಲ. ತನ್ನ ಸೀಟಿಯನ್ನು ತಾನೇ ನಂಬದವನು ಅಂಗಳದಲ್ಲಿ ನಿಲ್ಲಬಾರದು.’

ಆರತಿ ಕಾಗದ ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು.

“ನಿನಗೆ ಗೊತ್ತಿತ್ತಾ?” ಪ್ರಿನ್ಸಿಪಾಲ್ ಕೇಳಿದರು.

“ಇಲ್ಲ ಮೇಡಂ.”

“ಆ ಕೊನೆಯ ಕ್ಷಣ ನೀನೂ ನೋಡಿದ್ದೀಯಲ್ಲ. ಫೌಲ್ ಆಗಿತ್ತಾ?”

ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು! ‘ಆಗಿರಲಿಲ್ಲ’ ಎಂದರೆ ಗೆಲುವು ಚೊಕ್ಕ, ಕುರ್ಚಿ ಭದ್ರ. ಕಮಿಟಿಯ ಜೊತೆ ಕೂತಿದ್ದ ದತ್ತು ಸರ್ ಮುಂದೆ ಬಾಗಿ ಕಾಯುತ್ತಿದ್ದರು.

“ಆಗಿತ್ತು ಮೇಡಂ. ಸಾಬವ್ವನ ಕೈ ಆ ಹುಡುಗಿಯ ಮಣಿಕಟ್ಟಿಗೆ ತಾಗಿತು. ನನ್ನ ಬೆಂಚಿನಿಂದ ಕಂಡಿತು. ನಾನು ಸುಮ್ಮನಿದ್ದೆ.”

ಕೋಣೆಯಲ್ಲಿ ಗುಸುಗುಸು ಎದ್ದಿತು. ಆರತಿ ಎದ್ದುಹೋಗಿ ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಕೋರ್ಟ್ ಬರೆದಳು.

“ಆದರೆ ರೆಫರಿ ಇಲ್ಲಿದ್ದರು, ಸಾಬವ್ವನ ಬೆನ್ನ ಹಿಂದೆ. ನಡುವೆ ನಮ್ಮ ಇಬ್ಬರು ಹುಡುಗಿಯರು. ಈ ಜಾಗದಿಂದ ಆ ಕೈ ಯಾರಿಗೂ ಕಾಣುತ್ತಿರಲಿಲ್ಲ. ಅವರ ಸೀಟಿ ಸುಳ್ಳಾಗಿಲ್ಲ ಮೇಡಂ. ಕಂಡೂ ಸುಮ್ಮನಿದ್ದವಳು ನಾನು.”

ಪ್ರಿನ್ಸಿಪಾಲ್ ಎದ್ದುಬಂದು ಆ ಚಿತ್ರ ನೋಡಿದರು. ನಿಯಮದ ಪ್ರಕಾರ ಸಹಿಯಾದ ಫಲಿತಾಂಶ ಬದಲಾಗುವುದಿಲ್ಲ. ಕೊನೆಗೆ ಹೇಳಿದರು, “ಇನ್ನೂ ಒಂದು ವರ್ಷ ನೀನೇ ಹೆಡ್ ಕೋಚ್. ಕಾಯಂ ಮಾಡುವ ಮಾತು ಆಮೇಲೆ. ಸುಮ್ಮನಿದ್ದದ್ದಕ್ಕೆ ಇದು ಶಿಕ್ಷೆ, ಒಪ್ಪಿಕೊಂಡದ್ದಕ್ಕೆ ಇದೇ ಬಹುಮಾನ.”

*

ಅವತ್ತೇ ಮಧ್ವೇಶ ಮಧ್ಯಾಹ್ನದ ಊಟಕ್ಕೆ ಆಫೀಸಿನಿಂದ ಹೊರಬಂದಾಗ, ಗೇಟಿನ ಮುಂದೆ ಆರತಿ ಸ್ಕೂಟರ್‌ಗೆ ಒರಗಿ ನಿಂತಿದ್ದಳು.

“ಹನ್ನೆರಡು ದಿನ ಫೋನ್ ಎತ್ತಲಿಲ್ಲ, ಯಾಕ್ರಿ?”

“ಎತ್ತಿದ್ರೆ, ಕಮಿಟಿ ಮುಂದೆ ನೀವು ಏನೇ ಹೇಳಿದ್ರೂ ನಾನೇ ಹೇಳಿಕೊಟ್ಟೆ ಅಂತಿದ್ರು. ಪತ್ರ... ಓದಿದ್ರಾ?”

“ಓದಿದೆ. ಅಸೋಸಿಯೇಷನ್ ಓದ್ತು, ಕಮಿಟಿ ಓದ್ತು, ದತ್ತು ಸರ್ ಸೈತ ಓದಿದ್ರು. ನನಗ ಹೇಳೋ ಮಾತು ಊರಿಗೆಲ್ಲಾ ಹೇಳಿ, ಕಡೀಕ ನನಗ ಮುಟ್ಟಿಸಿದ್ರಿ!” ಅವಳ ದನಿ ಒಡೆಯಿತು. “ಇಷ್ಟು ದಿನ ನಾ ಏನೇನ್ ತಿಳ್ಕೊಂಡೆ, ಗೊತ್ತದ ಏನ್ರಿ?”

“ತಪ್ಪಾಯ್ತು. ಆ ಫೌಲ್...”

“ಆಗಿತ್ತು. ನೀವು ನಿಂತ ಜಾಗದಿಂದ ದೇವ್ರಿಗೂ ಕಾಣ್ತಿರ್ಲಿಲ್ಲ. ಬೋರ್ಡ್ ಮ್ಯಾಲ ಬರದು ತೋರ್ಸಿ ಬಂದೀನಿ.”

ಅವನು ಗೇಟಿನ ಕಟ್ಟೆಯ ಮೇಲೆ ಕೂತ. ಎರಡೂ ಕೈಯಿಂದ ಮುಖ ಒರೆಸಿಕೊಂಡ.

“ಮತ್ತೆ ನಿಮ್ಮ ಕೆಲಸ?”

“ಒಂದು ವರ್ಷ ಉಳೀತು.” ಅವಳು ಪಕ್ಕದಲ್ಲಿ ಕೂತಳು. “ಈಗ ನನಗ ಹೇಳ್ರಿ. ಇಂಗ್ಲಿಷ್ ಬ್ಯಾಡ, ಸಹಿ-ಶಿಕ್ಕಾ ಬ್ಯಾಡ.”

ಮಧ್ವೇಶ ಅವಳನ್ನೇ ನೋಡಿದ. “ನೀವಂದ್ರೆ ನನಗೆ ತುಂಬಾ ಇಷ್ಟ, ಆರತಿ. ಹೇಳೋಕೆ ಹೆದರಿಕೆ ಆಗ್ತಿತ್ತು.”

“ನನಗೂ...” ಎಂದಳು. ಕಣ್ಣು ತುಂಬಿದ್ದವು.

ಕಣ್ಣೊರೆಸಿಕೊಂಡು ಅವಳೇ ಹೇಳಿದಳು. “ಭಾನುವಾರ ಮ್ಯಾಚ್ ಅದ. ನೀವೀಗ ನಮಗ ರೆಫರಿ ಅಲ್ಲ. ನಮ್ಮ ಬೆಂಚಿನ ಹಿಂದ ಬಂದು ಕುಂಡ್ರಬಹುದು.”

“ರೆಫರಿಯಾದ ಎಂಟು ವರ್ಷದಿಂದ ಯಾರ ಕಡೆಗೂ ಚಪ್ಪಾಳೆ ತಟ್ಟಿಲ್ಲ ನಾನು. ಅಭ್ಯಾಸನೇ ಇಲ್ಲ.”

“ಕಲಿಸ್ತೀನಿ ಬರ್ರಿ. ಕೋಚ್ ಅಲ್ಲೇನು ನಾ?”

“ಯಾರ ಕಡೆಯವರು ಅಂತ ಯಾರಾದ್ರೂ ಕೇಳಿದ್ರೆ?”

ಆರತಿ ಮೆಲ್ಲಗೆ ಅವನ ಕೈ ಹಿಡಿದಳು.

“ಆರತಿ ಕಡೆಯವ ಅನ್ರಿ.”