ಉಮಾಶ್ರೀ ಬಳೆ ತೊಡದ ದಿನ

"ಬಿಡ್ರೀ... ಕೈ ಬಿಡ್ರೀ!"

ಕೂಗಿದವಳು ಮದುಮಗಳು ಉಮಾಶ್ರೀ. ಬಳೆಗಾರ್ತಿ ಖಾತುನಬಿ ಹಸಿರು ಬಳೆ ಏರಿಸಲೆಂದು ಅವಳ ಮುಂಗೈಯನ್ನು ಒತ್ತಿ ಹಿಡಿದಿದ್ದಳು, ಅಷ್ಟೇ. ಅವಳು ಕೈ ಕಿತ್ತುಕೊಂಡ ರಭಸಕ್ಕೆ ಆಗಲೇ ಏರಿದ್ದ ಬಳೆಗಳೂ ಒಡೆದು ನೆಲಕ್ಕೆ ಬಿದ್ದವು. ಹಾಡುತ್ತಿದ್ದ ಹೆಂಗಸರು ಗಪ್ಪಾದರು.

ನರಗುಂದದಿಂದ ಬಂದಿದ್ದ ಬೀಗರ ಹಿಂದೆ, ತಲಬಾಗಿಲಲ್ಲಿ, ಮದುಮಗ ಸಂಗನಬಸವ ನಿಂತಿದ್ದ. ಗಲ್ಫಿಗೆ ಹೋದವಳು ಮರಳಿದ ಮೇಲೆ ಇಬ್ಬರೂ ಎದುರಾದದ್ದು ಅದೇ ಮೊದಲು. ಉಮಾಶ್ರೀ ಅವನನ್ನು ಒಮ್ಮೆ ನೋಡಿದಳು, ತಲೆ ತಗ್ಗಿಸಿ ಹಿತ್ತಲಿಗೆ ಓಡಿಹೋದಳು.

"ಲಗ್ನದ ಮನ್ಯಾಗ ಬಳಿ ಒಡದ್ಲು. ಹುಡಿಗೀಗೆ ಮನಸ್ಸಿಲ್ಲ, ಏಳ್ರಿ," ಎಂದಳು ಅವನ ಅಜ್ಜಿ ಮುದುಕವ್ವ.

ಮನಸ್ಸಿಲ್ಲವೇ? ಸಂಗನಬಸವನಿಗೆ ನಂಬಲಾಗಲಿಲ್ಲ. ನರಗುಂದದ ದವಾಖಾನೆಯಲ್ಲಿ ನರ್ಸಾಗಿದ್ದಾಗ, "ಜ್ವಾಳದ ಚೀಲಾ ಹೊರೋ ಗಂಡಸು, ಸೂಜಿಗೆ ಅಂಜತೀರೇನ್ರಿ?" ಎಂದು ನಕ್ಕಿದ್ದ ಹುಡುಗಿ ಇವಳು. ಆ ನಗುವಿಗೇ ಅವನು ಸೋತಿದ್ದ. ಅವಳು ದುಡಿದು ಬರಲಿ ಎಂದು ವರ್ಷಗಟ್ಟಲೆ ಕಾದಿದ್ದ.

ಕೊನೆಯಲ್ಲಿ ಎಷ್ಟೋ ತಿಂಗಳು ಅವಳ ಫೋನೇ ಬಂದಿರಲಿಲ್ಲ. "ಫೋನ್ ಕೆಟ್ಟಿತ್ತಂತ," ಎಂದಿದ್ದರು ಅವಳ ತಂದೆ ಪ್ರಭುಲಿಂಗಪ್ಪ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಪಾಪ, ಪ್ರಭುಲಿಂಗಪ್ಪ ಹೇಳಿದ್ದು ಅದೊಂದೇ ಸುಳ್ಳು. ಅದೇ ಮಗಳ ಕೊರಳಿಗೆ ಉರುಳಾಗಿತ್ತು.

ಬೀಗರು ಎದ್ದು ಊರಿಗೆ ಹೋದರು; ಸಂಜೆ ಸಂಗನಬಸವ ಒಬ್ಬನೇ ನರೇಗಲ್ಲಿಗೆ, ಅವಳ ಮನೆಗೆ, ಮರಳಿ ಬಂದ. ಉಮಾಶ್ರೀ ಇನ್ನೂ ಹಿತ್ತಲ ಕಟ್ಟೆಯ ಮೇಲೇ ಕೂತಿದ್ದಳು.

"ಅಲ್ಲಿ ಯಾರರ ಇದ್ರೇನು? ಖರೇ ಹೇಳು ಉಮಾ. ನಾ ಸುಮ್ನ ಹೋಗ್ತೀನಿ."

ಅವಳಿಗೆ ನಗು ಬಂತು, ಕೆಟ್ಟ ನಗು. ಬಾಯಿ ಬಿಡಬೇಡ ಎಂದು ಅಪ್ಪ ಆಣೆ ಹಾಕಿಸಿದ್ದ. ಜೈಲು ಕಂಡ ಹುಡುಗಿಯನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ? ಹೇಳಿದರೆ ಇವನು ಹೋಗುತ್ತಾನೆ... ಹೇಳದಿದ್ದರೂ ಹೋಗುತ್ತಾನೆ. ಸುಳ್ಳನ್ನು ನಂಬಿಕೊಂಡು ಹೋಗುವುದು ಬೇಡ.

"ಇದ್ರು. ಒಂದ ಖೋಲ್ಯಾಗ ಮೂವತ್ತ ಮಂದಿ ಹೆಣ್ಮಕ್ಕಳಿದ್ವಿ."

"ಏನಂದಿ?"

"ದವಾಖಾನಿ ಮಾಲಕ ಬಾಗಲಾ ಹಾಕಿ ಓಡಿಹೋದ. ಪಾಸ್‌ಪೋರ್ಟ್ ಅವನ ಕಡೇನ ಇತ್ತು, ವೀಸಾ ಮುಗದಿತ್ತು. ಪೊಲೀಸ್ರು ಬೀದ್ಯಾಗ ಹಿಡದ್ರು. ಊರಿಗೆ ಕಳಸೋತನಾ ಅಂತ ಕೂಡಿಹಾಕಿದ್ರು. ಯಾವಾಗ ಕಳಸ್ತಾರ, ಯಾರೂ ಹೇಳ್ತಿದ್ದಿಲ್ಲ. ಲೈಟ್ ಆರಸ್ತಿದ್ದಿಲ್ಲ, ಹಗಲ್ಯಾವುದು ರಾತ್ರಿ ಯಾವುದು ತಿಳೀತಿದ್ದಿಲ್ಲ. ತಿಂಗಳದ್ದೂ ನಿಂತ ಹೋತು. ಈಗೂ ನಿದ್ದಿ ಬರೂದಿಲ್ರಿ."

ಸಂಗನಬಸವ ಕಟ್ಟೆಯ ಮೇಲೆ ಅವಳ ಪಕ್ಕ ಕೂತ.

"ನನ್ನ ಬಾಜೂಕ ಮಲಗಾಕಿ ಹೈದರಾಬಾದದಾಕಿ. ಆಕೀಗೆ ಜ್ವರಾ ಬಂದ್ವು. ನಾ ನರ್ಸ್ ಅದೀನಿ, ಔಷಧಾ ಕೊಡ್ರಿ ಅಂತ ದಿನಾ ಬಾಗಲಾ ಬಡದೆ. ಉಸರಾಡಾಕ ಆಗದಾಗ ಕರಕೊಂಡ ಹೊಂಟ್ರು. ನನಗೂ ಕೆಮ್ಮಿತ್ತಂತ ಇಬ್ಬರ್ನೂ ಒಂದ ಗಾಡ್ಯಾಗ ಹಾಕಿದ್ರು. ಆಕಿ ಕೈ, ನನ್ನ ಕೈ ಒಂದ ಬೇಡ್ಯಾಗ..."

ಅವಳ ದನಿ ನಿಂತಿತು. ಅವನು ಅವಸರ ಮಾಡಲಿಲ್ಲ.

"ಇನ್ನೊಂದ ಕೈಲೆ ಆಕಿ ನಾಡಿ ಹಿಡಕೊಂಡ ಕುಂತಿದ್ದೆ. ದಾರ್ಯಾಗ ನಾಡಿ ನಿಂತ ಹೋತು. ಬೇಡಿ ಬಿಚ್ಚರಿ ಅಂದೆ, ಬಿಚ್ಚಲಿಲ್ಲ. ಒಂದ ಕೈಲೆ ಎದಿ ಒತ್ತಿದೆ. ಅದಕ್ಕ ಎರಡೂ ಕೈ ಬೇಕಾಗ್ತಾವ್ರಿ... ಈಗ ಯಾರರ ಮುಂಗೈ ಒತ್ತಿ ಹಿಡದ್ರ, ಮತ್ತ ಆಕಿ ಕೈ ತಣ್ಣಗಾದಂಗ ಆಗ್ತೈತಿ."

ಸಂಗನಬಸವ ಮುಖ ಮುಚ್ಚಿಕೊಂಡು ಅತ್ತ. ಗಂಡಸು ಅಳಬಾರದು ಅನ್ನುವವರು ಅನ್ನಲಿ.

"ಫೋನ್ ಬರಲಿಲ್ಲಂತ ನಾ ದಿನಾ ನಿನ್ನ ಬೈತಿದ್ದೆ, ಉಮಾ. ನನ್ನ ಮರತಾಳ ಅಂತ ತಿಳಕೊಂಡಿದ್ದೆ."

"ಈಗ ಹೋಗ್ರಿ. ನಾ ಮೊದಲಿನ ಉಮಾ ಅಲ್ಲ. ಔಷಧಾ ನಡದಾವು. ಪೂರಾ ಆರಾಮ ಆಕ್ಕೀನಂತ ಡಾಕ್ಟರೂ ಹೇಳಿಲ್ಲ."

ಅವಳ ಕೈ ಹಿಡಿಯಲು ಮುಂದಾದ ಅವನು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದ.

"ನಾ ಎಲ್ಲೂ ಹೋಗೂದಿಲ್ಲ. ಹೆಂಗಿದ್ರೂ ನನಗ ನೀನ ಬೇಕು." ಆಮೇಲೆ ಕೇಳಿದ, "ಆಕಿ ಹೆಸರೇನು?"

ಉಮಾಶ್ರೀ ತಲೆ ಎತ್ತಿದಳು. ಊರಿಗೆ ಬಂದಾಗಿನಿಂದ ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

"ಇಷ್ರತ," ಎಂದಳು. ಹೇಳಿದ್ದೇ ತಡ, ಅಷ್ಟೂ ದಿನ ಬಾರದ ಅಳು ಒತ್ತರಿಸಿಕೊಂಡು ಬಂತು. ಅವನು ಅವಳನ್ನು ಅಳಲು ಬಿಟ್ಟ.

"ಮಕ್ಕಳದಾರೇನು?"

"ಇಬ್ರದಾರ. ತಾಯಿನೂ ಅದಾಳ. ಓಣಿ ಗುರ್ತ ಹೇಳಿದ್ಲು. ಕಡೀಕ ಆಕಿ ಕೂಡ ಯಾರರ ಇದ್ರು ಅಂತ ಅವರಿಗೆ ಗೊತ್ತಿರಾಕಿಲ್ಲ."

"ಹೋಗಿ ಹೇಳಿ ಬರೂಣು. ಲಗ್ನ ಆಮ್ಯಾಲ. ನಾನೂ ಬರ್ತೀನಿ."

"ಆಕಿ ತಾಯಿ ಮುಂದ ಹ್ಯಾಂಗ ಹೇಳ್ಲಿ? ನನ್ನ ಕೈಲೆ ಆಗೂದಿಲ್ರಿ..."

"ಈಗ ನನಗ ಹೇಳಿದ್ಯಲ್ಲಾ, ಹಂಗ," ಎಂದ ಅವನು. "ನಡುವ ದನಿ ನಿಂತ್ರ ನಿಲ್ಲಲಿ. ನಾ ಬಾಜೂಕ ಕುಂತಿರ್ತೀನಿ."